ಒಂದೇ ದಾರಿ, ಮೂರು ಓಟ

ಶಾಲೆಯ ಕ್ರೀಡಾದಿನದಂದು ಓಟದ ಸ್ಪರ್ಧೆ ನಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಎರಡನೆಯ ತರಗತಿಯ ಮಕ್ಕಳನ್ನು ಏಳನೆಯ ತರಗತಿಯವರ ಜೊತೆ ಓಡಿಸುತ್ತಾರೆಯೇ? ಇಲ್ಲ. ಚಿಕ್ಕವರಿಗೆ ಬೇರೆ ಓಟ, ದೊಡ್ಡವರಿಗೆ ಬೇರೆ ಓಟ. ಪೈವಳಿಕೆಯ ಕಂಬಳ ನೋಡಿದವರಿಗೂ ಇದು ಗೊತ್ತು. ಅಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆ ಎಂದು ವಿಭಾಗಗಳಿವೆ. ಹಗ್ಗದ ಕೋಣಗಳು ನೇಗಿಲಿನ ಕೋಣಗಳ ಜೊತೆ ಓಡುವುದಿಲ್ಲ. ಒಂದು ವಿಭಾಗ ಓಡುವಾಗ ಇನ್ನೊಂದು ವಿಭಾಗ ಕಾಯುತ್ತದೆ.

ಆದರೆ ಬೇರೆ ಬೇರೆ ವರ್ಗದವರು ಒಂದೇ ದಾರಿಯಲ್ಲಿ, ಒಂದೇ ಹೊತ್ತಿನಲ್ಲಿ ಓಡುವ ಸ್ಪರ್ಧೆಯೊಂದಿದೆ. ಅದು ಕಾರುಗಳ ಸ್ಪರ್ಧೆ. ಅದನ್ನು ತಾಳಿಕೆಯ ಓಟ ಎನ್ನಬಹುದು. ಏಕೆಂದರೆ ಅಲ್ಲಿ ಕಾರೂ ತಾಳಬೇಕು, ಓಡಿಸುವವರೂ ತಾಳಬೇಕು. ಈ ಓಟ ಐದು ಹತ್ತು ನಿಮಿಷಗಳದಲ್ಲ. ಆರು ಗಂಟೆ, ಎಂಟು ಗಂಟೆ, ಕೆಲವೊಮ್ಮೆ ಒಂದು ಹಗಲು ಒಂದು ರಾತ್ರಿ ಪೂರ್ತಿ ನಡೆಯುತ್ತದೆ.

ಸಾಮಾನ್ಯ ಓಟದಲ್ಲಿ ದೂರ ಮೊದಲೇ ನಿಶ್ಚಯವಾಗಿರುತ್ತದೆ. ನೂರು ಮೀಟರು ಎಂದರೆ ನೂರು ಮೀಟರು. ಅದನ್ನು ಯಾರು ಕಡಿಮೆ ಸಮಯದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ತಾಳಿಕೆಯ ಓಟದಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಸಮಯ ನಿಶ್ಚಿತ. ಅಷ್ಟು ಸಮಯದಲ್ಲಿ ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರು ಗೆದ್ದರು. ಒಬ್ಬರೇ ಅಷ್ಟು ಹೊತ್ತು ಓಡಿಸಲಾರರು. ಆದ್ದರಿಂದ ಒಂದು ಕಾರಿಗೆ ಸಾಮಾನ್ಯವಾಗಿ ಮೂವರು ಚಾಲಕರು. ಒಬ್ಬರು ಓಡಿಸುವಾಗ ಉಳಿದವರು ಊಟ ಮಾಡುತ್ತಾರೆ, ನಿದ್ರಿಸುತ್ತಾರೆ, ತಮ್ಮ ಸರದಿಗೆ ಸಿದ್ಧರಾಗುತ್ತಾರೆ. ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿ ಒಬ್ಬ ಚಾಲಕರು ಒಟ್ಟು 14 ಗಂಟೆಗಳಿಗಿಂತ ಹೆಚ್ಚು ಓಡಿಸುವಂತಿಲ್ಲ. ಯಾವುದೇ ಆರು ಗಂಟೆಗಳ ಒಳಗೆ ನಾಲ್ಕು ಗಂಟೆಗಳಿಗಿಂತ ಹೆಚ್ಚು ಕುಳಿತಿರುವಂತೆಯೂ ಇಲ್ಲ. ನಿದ್ದೆಗಣ್ಣಿನಲ್ಲಿ ಕಾರು ಓಡಿಸುವುದು ಎಷ್ಟು ಅಪಾಯವೆಂದು ನಿಯಮ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಈ ಬಗೆಯ ಓಟಗಳಿಗೆ ಒಂದು ವಿಶ್ವ ಚಾಂಪಿಯನ್‌ಶಿಪ್ ಇದೆ. ಒಂದು ವರ್ಷದಲ್ಲಿ ಬೇರೆ ಬೇರೆ ದೇಶಗಳಲ್ಲಿ ಓಟಗಳು ನಡೆಯುತ್ತವೆ. ಎಲ್ಲ ಓಟಗಳ ಅಂಕಗಳನ್ನು ಕೂಡಿಸಿ ವರ್ಷದ ವಿಜೇತರನ್ನು ಆರಿಸುತ್ತಾರೆ. 2023ರ ಋತುವಿನ ಕಥೆಯನ್ನು ಇಲ್ಲಿ ನೋಡೋಣ. ಆ ವರ್ಷ ಏಳು ಓಟಗಳು ನಡೆದವು. ಅಮೆರಿಕದ ಸೀಬ್ರಿಂಗ್, ಪೋರ್ಚುಗಲ್ಲಿನ ಪೋರ್ಟಿಮಾವ್, ಬೆಲ್ಜಿಯಂನ ಸ್ಪಾ, ಫ್ರಾನ್ಸಿನ ಲೆ ಮಾನ್, ಇಟಲಿಯ ಮೊನ್ಜಾ, ಜಪಾನಿನ ಫುಜಿ, ಕೊನೆಗೆ ಬಹರೈನ್. ಲೆ ಮಾನ್ ಎಂಬ ಹೆಸರನ್ನು ಬರೆಯುವಾಗ ಕೊನೆಯಲ್ಲಿ ಒಂದು ‘ಎಸ್’ ಅಕ್ಷರವಿದೆ. ಫ್ರೆಂಚರು ಅದನ್ನು ಉಚ್ಚರಿಸುವುದಿಲ್ಲ. ನಾವೂ ಬಿಟ್ಟುಬಿಡೋಣ.

ಆ ವರ್ಷ ಕಾರುಗಳಲ್ಲಿ ಮೂರು ವರ್ಗಗಳಿದ್ದವು. ಮೊದಲನೆಯದು ಹೈಪರ್‌ಕಾರ್. ಟೊಯೋಟಾ, ಫೆರಾರಿ, ಪೋರ್ಷೆ, ಕ್ಯಾಡಿಲಾಕ್, ಪ್ಯೂಜೊ ಮುಂತಾದ ದೊಡ್ಡ ಕಂಪೆನಿಗಳು ಓಟಕ್ಕೆಂದೇ ತಯಾರಿಸಿದ ಕಾರುಗಳಿವು. ಇವುಗಳಲ್ಲಿ ಹೆಚ್ಚಿನವು ಪೆಟ್ರೋಲ್ ಎಂಜಿನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಬಳಸುತ್ತವೆ. ಎರಡನೆಯದು ಎಲ್‌ಎಂಪಿ 2. ಇವೂ ಓಟಕ್ಕೆಂದೇ ಮಾಡಿದ ಕಾರುಗಳು. ಆದರೆ ವೇಗ ಸ್ವಲ್ಪ ಕಡಿಮೆ. ಇವನ್ನು ಚಿಕ್ಕ ತಂಡಗಳು ಕೊಂಡು ಓಡಿಸುತ್ತವೆ. ಮೂರನೆಯದು ಜಿಟಿಇ ಆಮ್. ಇವು ರಸ್ತೆಯಲ್ಲಿ ಓಡುವ ಪೋರ್ಷೆ, ಫೆರಾರಿ, ಕಾರ್ವೆಟ್ ಕಾರುಗಳನ್ನೇ ಓಟಕ್ಕೆ ಒಗ್ಗಿಸಿದವು. ಈ ವರ್ಗದ ತಂಡಗಳಲ್ಲಿ ಬೇರೆ ಉದ್ಯೋಗ ಮಾಡಿಕೊಂಡು ಹವ್ಯಾಸಕ್ಕಾಗಿ ಕಾರು ಓಡಿಸುವವರೂ ಇರಬೇಕೆಂಬುದು ನಿಯಮ.

ಇವುಗಳ ವೇಗದ ವ್ಯತ್ಯಾಸವೆಷ್ಟು? ಒಂದು ಲೆಕ್ಕ ಮಾಡೋಣ. ಲೆ ಮಾನ್‌ನ ಒಂದು ಸುತ್ತು 13.626 ಕಿ.ಮೀ. ಓಟದ ಮುನ್ನ ನಡೆದ ಅರ್ಹತಾ ಪರೀಕ್ಷೆಯಲ್ಲಿ ಅತಿ ವೇಗದ ಹೈಪರ್‌ಕಾರ್ ಅದನ್ನು ಸುಮಾರು 203 ಸೆಕೆಂಡುಗಳಲ್ಲಿ ಸುತ್ತಿತು. ಅತಿ ವೇಗದ ಜಿಟಿಇ ಕಾರಿಗೆ ಸುಮಾರು 232 ಸೆಕೆಂಡು ಬೇಕಾಯಿತು. ಈಗ 203ನ್ನು 8ರಿಂದ ಗುಣಿಸಿರಿ. 232ನ್ನು 7ರಿಂದ ಗುಣಿಸಿರಿ. ಎರಡಕ್ಕೂ 1,624 ಎಂಬ ಉತ್ತರವೇ ಬರುತ್ತದೆ! ಹಾಗೆಂದರೆ ವೇಗದ ಕಾರು ಎಂಟು ಸುತ್ತು ಹಾಕುವಷ್ಟರಲ್ಲಿ ನಿಧಾನದ ಕಾರು ಏಳು ಸುತ್ತು ಹಾಕಿರುತ್ತದೆ. ಇದೇ ವೇಗದಲ್ಲಿ ಓಡುತ್ತಿದ್ದರೆ ಪ್ರತಿ 27 ನಿಮಿಷಕ್ಕೊಮ್ಮೆ ವೇಗದ ಕಾರು ನಿಧಾನದ ಕಾರನ್ನು ದಾಟಿ ಹೋಗುತ್ತದೆ. ಲೆ ಮಾನ್‌ನಲ್ಲಿ ಆ ವರ್ಷ 16 ಹೈಪರ್‌ಕಾರುಗಳೂ 21 ಜಿಟಿಇ ಕಾರುಗಳೂ ಇದ್ದವು. ನಡುವೆ 24 ಎಲ್‌ಎಂಪಿ 2 ಕಾರುಗಳು. ಒಟ್ಟು ಎಷ್ಟು ಸಲ ಒಂದು ಇನ್ನೊಂದನ್ನು ದಾಟಬೇಕಾಗುತ್ತದೆ ಎಂದು ಊಹಿಸಿರಿ. ಕತ್ತಲೆಯಲ್ಲಿ, ಮಳೆಯಲ್ಲಿ, ಗಂಟೆಗೆ 300 ಕಿ.ಮೀ. ವೇಗದಲ್ಲಿ!

ಇದು ಹೇಗೆ ಸಾಧ್ಯ? ಪ್ರತಿ ಕಾರಿನ ಸಂಖ್ಯೆಯ ಹಿಂದೆ ವರ್ಗಕ್ಕೊಂದು ಬಣ್ಣವಿರುತ್ತದೆ. ಹೈಪರ್‌ಕಾರಿಗೆ ಕೆಂಪು, ಎಲ್‌ಎಂಪಿ 2ಕ್ಕೆ ನೀಲಿ, ಜಿಟಿಇಗೆ ಕಿತ್ತಳೆ. ರಾತ್ರಿ ಆ ಸಂಖ್ಯೆ ಬೆಳಗುತ್ತದೆ. ಮುಂದಿರುವುದು ತನ್ನ ಎದುರಾಳಿಯೋ ಬೇರೆ ಓಟದವನೋ ಎಂಬುದು ಬಣ್ಣ ನೋಡಿದರೆ ತಿಳಿಯುತ್ತದೆ. ದಾರಿಯುದ್ದಕ್ಕೂ ಕಾವಲಿನವರು ಬಾವುಟ ಹಿಡಿದು ನಿಂತಿರುತ್ತಾರೆ. ನೀಲಿ ಬಾವುಟ ಬೀಸಿದರೆ ‘ಹಿಂದಿನಿಂದ ವೇಗದ ಕಾರು ಬರುತ್ತಿದೆ’ ಎಂದರ್ಥ. ಹಳದಿ ಬಾವುಟವೆಂದರೆ ‘ಮುಂದೆ ಅಪಾಯವಿದೆ, ನಿಧಾನ, ಯಾರನ್ನೂ ಹಿಂದಿಕ್ಕಬೇಡಿ’. ನೀಲಿ ಬಾವುಟ ಕಂಡ ನಿಧಾನದ ಚಾಲಕ ಗಾಬರಿಯಿಂದ ಅತ್ತಿತ್ತ ಸರಿದರೆ ಅದೇ ಅಪಾಯ. ತನ್ನ ಸಾಲಿನಲ್ಲಿ ತಾನು ನೇರವಾಗಿ ಹೋಗುತ್ತಿರಬೇಕು. ಸರಿಯಾದ ಜಾಗ ನೋಡಿ ದಾಟುವ ಹೊಣೆ ಹಿಂದಿನಿಂದ ಬಂದ ವೇಗದವನದು. ಏಕೆಂದರೆ ನಿಧಾನದವನೂ ಅಲ್ಲಿ ಸುಮ್ಮನೆ ತಿರುಗಾಡಲು ಬಂದವನಲ್ಲ. ಅವನಿಗೂ ಅವನದೇ ಓಟವಿದೆ, ಅವನದೇ ಎದುರಾಳಿಗಳಿದ್ದಾರೆ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದುಃಖದ ನೆನಪಿದೆ. 1955ರ ಜೂನ್ 11ರಂದು ಲೆ ಮಾನ್‌ನಲ್ಲಿ ಒಂದು ಕಾರು ಪಿಟ್ಟಿಗೆ ಹೋಗಲು ವೇಗ ತಗ್ಗಿಸಿತು. ಅದರ ಹಿಂದಿದ್ದ ಕಾರು ತಪ್ಪಿಸಿಕೊಳ್ಳಲು ಪಕ್ಕಕ್ಕೆ ಸರಿಯಿತು. ಅದಕ್ಕಿಂತ ಬಹಳ ವೇಗವಾಗಿ ಬರುತ್ತಿದ್ದ ಮೂರನೆಯ ಕಾರು ಅದಕ್ಕೆ ಬಡಿದು ಹಾರಿತು. ಅದರ ಭಾಗಗಳು ಪ್ರೇಕ್ಷಕರ ನಡುವೆ ಬಿದ್ದವು. 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಅಲ್ಲಿನ ರಸ್ತೆಯನ್ನೂ ಪ್ರೇಕ್ಷಕರ ಕಟ್ಟೆಗಳನ್ನೂ ಬದಲಾಯಿಸಿ ಕಟ್ಟಿದರು. (ಓಟದ ನಡುವೆ ಇಂಧನ ತುಂಬಿಸಲು, ಚಕ್ರ ಬದಲಿಸಲು ಕಾರು ನಿಲ್ಲುವ ಜಾಗಕ್ಕೆ ಪಿಟ್ ಎನ್ನುತ್ತಾರೆ. ಈಗ ಪಿಟ್ಟಿನ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಮೀರುವಂತಿಲ್ಲ.)

ಇನ್ನು 2023ರ ಋತುವಿಗೆ ಬರೋಣ. ಮಾರ್ಚ್ ತಿಂಗಳಲ್ಲಿ ಸೀಬ್ರಿಂಗ್‌ನಲ್ಲಿ ಮೊದಲ ಓಟ. ಇದು ಹಿಂದೆ ಸೈನ್ಯದ ವಿಮಾನ ನಿಲ್ದಾಣವಾಗಿತ್ತು. ಹಳೆಯ ಕಾಂಕ್ರೀಟಿನ ಮೇಲೆ ಕಾರುಗಳು ಕುಲುಕಾಡುತ್ತ ಓಡಬೇಕು. ಟೊಯೋಟಾ ಕಂಪೆನಿಯ ಎರಡು ಕಾರುಗಳು ಋತುವಿನುದ್ದಕ್ಕೂ ಓಡಿದವು. ಒಂದರ ಸಂಖ್ಯೆ 7, ಇನ್ನೊಂದರದು 8. ಸೀಬ್ರಿಂಗ್‌ನಲ್ಲಿ 7 ಗೆದ್ದಿತು, 8 ಎರಡನೆಯದಾಯಿತು. ಪೋರ್ಟಿಮಾವ್‌ನಲ್ಲಿ 8 ಗೆದ್ದಿತು. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿರಿ. ಕೊನೆಗೆ ಇವುಗಳ ಲೆಕ್ಕವೇ ಬಹಳ ಸ್ವಾರಸ್ಯದ್ದು.

ಏಪ್ರಿಲ್ ಕೊನೆಯಲ್ಲಿ ಸ್ಪಾ. ಅಲ್ಲಿ ಒಂದು ಹೊಸ ತೊಂದರೆ ಕಂಡಿತು. ಟಯರು ಬೆಚ್ಚಗಾದರೆ ಮಾತ್ರ ರಸ್ತೆಯನ್ನು ಹಿಡಿಯುತ್ತದೆ. ಹಿಂದೆ ಟಯರುಗಳನ್ನು ಪಿಟ್ಟಿನಲ್ಲೇ ಬಿಸಿ ಮಾಡಿ ಕಾರಿಗೆ ಹಾಕುತ್ತಿದ್ದರು. ವಿದ್ಯುತ್ ಉಳಿಸಲೆಂದು ಆ ವರ್ಷ ಅದನ್ನು ನಿಲ್ಲಿಸಿದ್ದರು. ಸ್ಪಾದಲ್ಲಿ ಚಳಿ. ತಣ್ಣಗಿನ ಟಯರುಗಳಲ್ಲಿ ಹೊರಟ ಕಾರುಗಳು ಜಾರಿದವು. ಅರ್ಹತಾ ಪರೀಕ್ಷೆಯಲ್ಲಿ 8ನೆಯ ಸಂಖ್ಯೆಯ ಕಾರೂ ಹಾಗೆಯೇ ಜಾರಿ ಗೋಡೆಗೆ ಬಡಿಯಿತು. ಮರುದಿನ ಅದು ಎಲ್ಲ ಹೈಪರ್‌ಕಾರುಗಳ ಹಿಂದಿನಿಂದ ಹೊರಡಬೇಕಾಯಿತು. ಆದರೂ ಆರು ಗಂಟೆಗಳ ಕೊನೆಗೆ ಅದು ಎರಡನೆಯ ಸ್ಥಾನಕ್ಕೆ ಬಂದಿತ್ತು! ಮುಂದಿನ ಓಟವೇ ಲೆ ಮಾನ್. ಅಲ್ಲಿ ಅಪಾಯ ಬೇಡವೆಂದು ಟಯರು ಬಿಸಿ ಮಾಡಲು ಮತ್ತೆ ಅನುಮತಿ ಕೊಟ್ಟರು. ಉಳಿತಾಯದ ಉದ್ದೇಶ ಒಳ್ಳೆಯದೇ. ಆದರೆ ಜೀವದ ಪ್ರಶ್ನೆ ಬಂದಾಗ ನಿಯಮವನ್ನು ಸಡಿಲಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಲೆ ಮಾನ್ ಓಟ ಮೊದಲು ನಡೆದದ್ದು 1923ರಲ್ಲಿ. ಆದ್ದರಿಂದ 2023ರಲ್ಲಿ ಅದಕ್ಕೆ ನೂರು ವರ್ಷ. ಅಲ್ಲಿನ ದಾರಿ ಪೂರ್ತಿಯಾಗಿ ಓಟಕ್ಕೆಂದೇ ಕಟ್ಟಿದ್ದಲ್ಲ. ಅದರ ದೊಡ್ಡ ಭಾಗ ಊರ ಜನರು ದಿನವೂ ಬಳಸುವ ರಸ್ತೆ. ಬೇರೆ ದಿನಗಳಲ್ಲಿ ಅಲ್ಲಿ ಲಾರಿಗಳೂ ಬಸ್ಸುಗಳೂ ಓಡುತ್ತವೆ. ಓಟದ ವಾರದಲ್ಲಿ ಅದನ್ನು ಮುಚ್ಚಿ ಕಾರುಗಳಿಗೆ ಬಿಟ್ಟುಕೊಡುತ್ತಾರೆ.

ಹಿಂದಿನ ಕಾಲದಲ್ಲಿ ಅಲ್ಲಿ ಓಟ ಪ್ರಾರಂಭವಾಗುವ ರೀತಿ ವಿಚಿತ್ರವಾಗಿತ್ತು. ಕಾರುಗಳು ರಸ್ತೆಯ ಒಂದು ಬದಿಯಲ್ಲಿ, ಚಾಲಕರು ಇನ್ನೊಂದು ಬದಿಯಲ್ಲಿ. ಬಾವುಟ ಬೀಸಿದೊಡನೆ ಎಲ್ಲರೂ ರಸ್ತೆ ದಾಟಿ ಓಡಿ, ಕಾರಿಗೆ ಹಾರಿ ಹೊರಡಬೇಕು. ಆತುರದಲ್ಲಿ ಸೀಟು ಬೆಲ್ಟನ್ನು ಯಾರು ಹಾಕಿಕೊಳ್ಳುತ್ತಾರೆ? 1969ರಲ್ಲಿ ಜಾಕಿ ಇಕ್ಸ್ ಎಂಬ ಬೆಲ್ಜಿಯಂನ ಯುವಕ ಇದು ತಪ್ಪೆಂದು ತೋರಿಸಲು ನಿರ್ಧರಿಸಿದರು. ಎಲ್ಲರೂ ಓಡಿದಾಗ ಅವರು ನಿಧಾನವಾಗಿ ನಡೆದರು. ಕಾರಿನಲ್ಲಿ ಕುಳಿತು ಬೆಲ್ಟು ಬಿಗಿದುಕೊಂಡು ಎಲ್ಲರಿಗಿಂತ ಕೊನೆಯವರಾಗಿ ಹೊರಟರು. ಅಂದು ಮೊದಲ ಸುತ್ತಿನಲ್ಲೇ ಬೆಲ್ಟು ಹಾಕದ ಚಾಲಕರೊಬ್ಬರು ಅಪಘಾತದಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕು ಗಂಟೆಗಳ ಬಳಿಕ ಗೆದ್ದವರು ಯಾರು ಗೊತ್ತೇ? ಕೊನೆಯಲ್ಲಿ ಹೊರಟ ಇಕ್ಸ್ ಮತ್ತು ಅವರ ಜೊತೆಗಾರ. ಅದೂ ಸುಮಾರು 120 ಮೀಟರುಗಳ ಅಂತರದಲ್ಲಿ. ಮರುವರ್ಷದಿಂದ ಓಡಿ ಹತ್ತುವ ಪದ್ಧತಿ ನಿಂತುಹೋಯಿತು.

2023ರ ಜೂನ್ 10, ಸಂಜೆ ನಾಲ್ಕು ಗಂಟೆ. 62 ಕಾರುಗಳು ಹೊರಟವು. ಮೂರು ವರ್ಗಗಳನ್ನು ಕೂಡಿಸಿದರೆ 61 ಆಗುತ್ತದೆ. ಉಳಿದ ಒಂದು ಯಾವುದು? ಅದು ಅಮೆರಿಕದ ಭಾರೀ ಗಾತ್ರದ ಕಮಾರೊ ಕಾರು. ಹೊಸ ಬಗೆಯ ಕಾರುಗಳಿಗೆಂದು ಮೀಸಲಾದ ಜಾಗದಲ್ಲಿ ಅತಿಥಿಯಾಗಿ ಬಂದಿತ್ತು. ಅದರ ಗುಡುಗಿನಂಥ ಸದ್ದು ಕೇಳಿ ಜನ ಕುಣಿದಾಡಿದರು. ಅದೂ ಓಟ ಮುಗಿಸಿತು.

ಸಂಜೆಗೆ ಮಳೆ ಬಂತು. ಅದೂ ದಾರಿಯ ಒಂದು ಕಡೆ ಮಾತ್ರ. ಒಣಗಿದ ರಸ್ತೆಯಿಂದ ಒಮ್ಮೆಲೇ ನೀರಿಗೆ ಬಂದ ಕಾರುಗಳು ತಿರುಗಿ ತಿರುಗಿ ನಿಂತವು. ರಾತ್ರಿಯಲ್ಲಿ 7ನೆಯ ಸಂಖ್ಯೆಯ ಟೊಯೋಟಾಕ್ಕೆ ಅನಾಹುತವಾಯಿತು. ಮುಂದೆ ಅಪಾಯವಿದೆಯೆಂದು ವೇಗ ತಗ್ಗಿಸಬೇಕಾದ ಜಾಗದಲ್ಲಿ ಅದು ನಿಧಾನವಾದಾಗ ಹಿಂದಿನಿಂದ ಬೇರೆ ಕಾರುಗಳು ಬಡಿದವು. ಚಾಲಕ ಕಮುಯಿ ಕೊಬಯಾಶಿ ಕಾರನ್ನು ಹೇಗಾದರೂ ಪಿಟ್ಟಿಗೆ ತಲುಪಿಸಲು ಪ್ರಯತ್ನಿಸಿದರು. ಆಗಲಿಲ್ಲ. 7ರ ಓಟ ಅಲ್ಲಿಗೇ ಮುಗಿಯಿತು.

ಬೆಳಗಾದಾಗ ಮುಂದೆ ಇದ್ದದ್ದು 51ನೆಯ ಸಂಖ್ಯೆಯ ಕೆಂಪು ಫೆರಾರಿ ಮತ್ತು 8ನೆಯ ಟೊಯೋಟಾ. ಫೆರಾರಿ ಕಂಪೆನಿ ಅತ್ಯುನ್ನತ ವರ್ಗಕ್ಕೆ ಮರಳಿ ಬಂದದ್ದು ಐವತ್ತು ವರ್ಷಗಳ ನಂತರ. ಅದು ಲೆ ಮಾನ್ ಗೆದ್ದು 1965ಕ್ಕೇ ಕೊನೆಯಾಗಿತ್ತು. ಟೊಯೋಟಾ 2018ರಿಂದ ಸತತವಾಗಿ ಐದು ಸಲ ಗೆದ್ದಿತ್ತು. ಎರಡು ಗಂಟೆಗಳಿಗಿಂತ ಕಡಿಮೆ ಸಮಯ ಉಳಿದಿತ್ತು. 8ನೆಯ ಕಾರಿನಲ್ಲಿ ರ್‍ಯೋ ಹಿರಕಾವಾ ಬೆನ್ನಟ್ಟುತ್ತಿದ್ದರು. ಆರ್ನಾಜ್ ಎಂಬ ತಿರುವಿನಲ್ಲಿ ಬ್ರೇಕು ಹಾಕಿದಾಗ ಕಾರು ಹಿಡಿತ ತಪ್ಪಿ ಬೇಲಿಗೆ ಬಡಿಯಿತು. ಪಿಟ್ಟಿಗೆ ಬಂದು ಮುರಿದ ಭಾಗಗಳನ್ನು ಬದಲಿಸಿಕೊಂಡು ಮತ್ತೆ ಹೊರಟರು. ಗೆಲ್ಲುವ ಆಸೆ ಹೋಗಿತ್ತು. ಆದರೆ ಅವರು ನಿಲ್ಲಿಸಲಿಲ್ಲ. ಅತ್ತ ಫೆರಾರಿಗೂ ಆತಂಕ ತಪ್ಪಲಿಲ್ಲ. ಕೊನೆಯ ಬಾರಿ ಇಂಧನ ತುಂಬಿಸಿದ ಮೇಲೆ ಕಾರು ಕೂಡಲೇ ಚಾಲೂ ಆಗಲಿಲ್ಲ! ತಂಡದವರ ಎದೆ ಡವಡವ. ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಚಾಲೂ ಮಾಡಿದಾಗ ಹೊರಟಿತು. ಕೊನೆಗೆ ಫೆರಾರಿ 342 ಸುತ್ತು ಮುಗಿಸಿ ಗೆದ್ದಿತು. ಟೊಯೋಟಾ 81 ಸೆಕೆಂಡು ಹಿಂದಿತ್ತು. 342 ಸುತ್ತುಗಳೆಂದರೆ 4,660 ಕಿ.ಮೀ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ನಮ್ಮ 44ನೆಯ ರಾಷ್ಟ್ರೀಯ ಹೆದ್ದಾರಿಯ ಉದ್ದ ಸುಮಾರು 3,700 ಕಿ.ಮೀ. ಮಾತ್ರ.

ಇದು ಒಂದು ಓಟದ ಫಲಿತಾಂಶ. ಇನ್ನೆರಡು ಓಟಗಳೂ ಅದೇ ದಾರಿಯಲ್ಲಿ ನಡೆಯುತ್ತಿದ್ದವು ಎಂಬುದನ್ನು ಮರೆಯಬೇಡಿ. ಪತ್ರಿಕೆಗಳಲ್ಲಿ ಮೊದಲು ಬಂದ ಕಾರಿನ ಚಿತ್ರವೇ ದೊಡ್ಡದಾಗಿರುತ್ತದೆ. ನನಗಂತೂ ಉಳಿದೆರಡರ ಕಥೆಯೇ ಹೆಚ್ಚು ಇಷ್ಟ.

ಎಲ್‌ಎಂಪಿ 2ರಲ್ಲಿ ಗೆದ್ದದ್ದು ಪೋಲೆಂಡಿನ ಇಂಟರ್ ಯುರೋಪೋಲ್ ತಂಡ. ಆ ಹೆಸರು ಒಂದು ಬೇಕರಿಯದು! ಬ್ರೆಡ್ಡು ತಯಾರಿಸುವ ಕುಟುಂಬದ ಮಗ ಯಾಕುಬ್ ಸ್ಮಿಯೆಹೋವ್‌ಸ್ಕಿಯೇ ಚಾಲಕರಲ್ಲಿ ಒಬ್ಬರು. ಅವರ ಜೊತೆಗಾರ ಫಾಬಿಯೊ ಶೇರರ್ ಪಿಟ್ಟಿನಲ್ಲಿ ನಿಂತಿದ್ದಾಗ ಇನ್ನೊಂದು ತಂಡದ ಕಾರಿನ ಚಕ್ರ ಅವರ ಪಾದದ ಮೇಲೆ ಹರಿಯಿತು. ಆ ನೋವಿನಲ್ಲಿಯೇ ಅವರು ತಮ್ಮ ಸರದಿಗಳನ್ನೆಲ್ಲ ಓಡಿಸಿದರು. ಜಿಟಿಇ ವರ್ಗದಲ್ಲಿ 33ನೆಯ ಕಾರ್ವೆಟ್ ಕಾರು ಪ್ರಾರಂಭದಲ್ಲೇ ಕೆಟ್ಟು ಎರಡು ಸುತ್ತು ಹಿಂದೆ ಬಿತ್ತು. ಅದನ್ನು ಓಡಿಸಿದ ಮೂವರಲ್ಲಿ ಬೆನ್ ಕೀಟಿಂಗ್ ಟೆಕ್ಸಾಸಿನ ಕಾರು ವ್ಯಾಪಾರಿ. ಗಂಟೆಗಂಟೆಗೆ ಸ್ವಲ್ಪ ಸ್ವಲ್ಪವೇ ಮುಂದೆ ಬಂದು ಕೊನೆಗೆ ಅದೇ ಗೆದ್ದಿತು. ಮೊನ್ಜಾದ ಓಟ ಮುಗಿಯುವಷ್ಟರಲ್ಲಿ, ಇನ್ನೂ ಎರಡು ಓಟಗಳು ಉಳಿದಿರುವಾಗಲೇ, ಆ ವರ್ಗದ ಚಾಂಪಿಯನ್ ಪಟ್ಟವೂ ಅದಕ್ಕೇ ಸಿಕ್ಕಿತು.

ಎಲ್‌ಎಂಪಿ 2ರ ಚಾಂಪಿಯನ್ ಪಟ್ಟ ಬೆಲ್ಜಿಯಂನ ಡಬ್ಲ್ಯುಆರ್‌ಟಿ ತಂಡದ 41ನೆಯ ಕಾರಿಗೆ. ಅದರ ಚಾಲಕ ಪೋಲೆಂಡಿನ ರಾಬರ್ಟ್ ಕುಬಿತ್ಸಾ. 2011ರ ಒಂದು ಅಪಘಾತದಲ್ಲಿ ಅವರ ಬಲಗೈ ತೀವ್ರವಾಗಿ ಜಖಂ ಆಗಿತ್ತು. ಎಷ್ಟೋ ವರ್ಷಗಳ ಪ್ರಯತ್ನದಿಂದ ಮತ್ತೆ ಚಕ್ರ ಹಿಡಿದರು. 2021ರಲ್ಲಿ ಲೆ ಮಾನ್‌ನಲ್ಲಿ ಇದೇ ತಂಡದಲ್ಲಿದ್ದರು. 24 ಗಂಟೆ ಓಡಿ ಮೊದಲ ಸ್ಥಾನದಲ್ಲಿದ್ದ ಅವರ ಕಾರು ಕೊನೆಯ ಸುತ್ತಿನಲ್ಲಿ ನಿಂತುಹೋಯಿತು. ಕೊನೆಯ ಸುತ್ತಿನಲ್ಲಿ! ಆಗ ಕಾರಿನಲ್ಲಿ ಕುಬಿತ್ಸಾ ಇರಲಿಲ್ಲ. ಪಿಟ್ಟಿನಲ್ಲಿ ನಿಂತು ನೋಡುವುದಷ್ಟೇ ಅವರ ಪಾಲಿಗಿತ್ತು. ಎರಡು ವರ್ಷಗಳ ಬಳಿಕ ಋತುವಿನ ಪಟ್ಟ ಅವರ ಕೈಸೇರಿತು.

ಮೊನ್ಜಾದಲ್ಲಿ 7 ಗೆದ್ದಿತು. ಟೊಯೋಟಾದ ಸ್ವಂತ ನೆಲವಾದ ಫುಜಿಯಲ್ಲೂ 7 ಗೆದ್ದಿತು. ಈಗ ಹೇಳಿರಿ, ಸೀಬ್ರಿಂಗ್, ಸ್ಪಾ, ಮೊನ್ಜಾ, ಫುಜಿ, ಹೀಗೆ ನಾಲ್ಕು ಓಟಗಳನ್ನು ಗೆದ್ದ 7ನೆಯ ಕಾರೇ ವರ್ಷದ ಚಾಂಪಿಯನ್ ಆಗಬೇಕಲ್ಲವೇ? ಆಗಲಿಲ್ಲ. ಅಂಕಗಳನ್ನು ಕೂಡಿಸಿ ನೋಡೋಣ. ಆರು ಗಂಟೆಗಳ ಓಟದಲ್ಲಿ ಗೆದ್ದವರಿಗೆ 25, ಎರಡನೆಯವರಿಗೆ 18 ಅಂಕ. ಸೀಬ್ರಿಂಗ್ ಮತ್ತು ಬಹರೈನ್‌ಗಳಲ್ಲಿ ಓಟ ದೀರ್ಘವಾದ್ದರಿಂದ 38 ಮತ್ತು 27. ಲೆ ಮಾನ್‌ನಲ್ಲಿ ಎಲ್ಲವೂ ದುಪ್ಪಟ್ಟು, 50 ಮತ್ತು 36. ಅರ್ಹತಾ ಪರೀಕ್ಷೆಯಲ್ಲಿ ಮೊದಲಾದವರಿಗೆ 1.

8ನೆಯ ಕಾರಿಗೆ ಸೀಬ್ರಿಂಗ್‌ನಲ್ಲಿ 27, ಪೋರ್ಟಿಮಾವ್‌ನಲ್ಲಿ 25, ಸ್ಪಾದಲ್ಲಿ 18, ಲೆ ಮಾನ್‌ನಲ್ಲಿ 36, ಮೊನ್ಜಾದಲ್ಲಿ ಆರನೆಯ ಸ್ಥಾನಕ್ಕೆ 8, ಫುಜಿಯಲ್ಲಿ 18. ಕೊನೆಗೆ ಬಹರೈನ್‌ನಲ್ಲಿ ಗೆದ್ದು 38. ಅರ್ಹತಾ ಪರೀಕ್ಷೆಗಳಿಂದ 2. ಒಟ್ಟು 172. 7ನೆಯ ಕಾರಿಗೆ 38, 2, 25, 0, 25, 25, 27, ಜೊತೆಗೆ 3. ಒಟ್ಟು 145. ಆ ಸೊನ್ನೆ ಲೆ ಮಾನ್‌ನದು. ಆ 2 ಅಂಕ ಪೋರ್ಟಿಮಾವ್‌ನದು. ಅಲ್ಲಿ ಕೆಟ್ಟ ಭಾಗವೊಂದನ್ನು ಬದಲಿಸಲು ಅದು ಬಹಳ ಹೊತ್ತು ನಿಲ್ಲಬೇಕಾಯಿತು. ಎರಡೇ ಓಟ ಗೆದ್ದ 8ನೆಯ ಕಾರು ಒಂದನ್ನೂ ಬಿಡದೆ ಎಲ್ಲ ಓಟಗಳನ್ನೂ ಮುಗಿಸಿತ್ತು. ಹಾಗಾಗಿ ಸೆಬಾಸ್ಟಿಯನ್ ಬುವೆಮಿ, ಬ್ರೆಂಡನ್ ಹಾರ್ಟ್ಲಿ, ರ್‍ಯೋ ಹಿರಕಾವಾ ಈ ಮೂವರು ವಿಶ್ವ ಚಾಂಪಿಯನ್ನರಾದರು. ಸ್ಪಾದಲ್ಲಿ ಗೋಡೆಗೆ ಬಡಿದವರು ಹಾರ್ಟ್ಲಿ, ಲೆ ಮಾನ್‌ನಲ್ಲಿ ಬೇಲಿಗೆ ಬಡಿದವರು ಹಿರಕಾವಾ.

ಬಹರೈನ್‌ನ ರಾತ್ರಿ ಇನ್ನೊಂದು ಕಾರಣಕ್ಕೂ ನೆನಪಿಡುವಂಥದು. ಜಿಟಿಇ ವರ್ಗದಲ್ಲಿ ಗುಲಾಬಿ ಬಣ್ಣದ 85ನೆಯ ಪೋರ್ಷೆ ಗೆದ್ದಿತು. ಅದನ್ನು ಓಡಿಸಿದವರು ಸಾರಾ ಬೋವಿ, ರಾಹೆಲ್ ಫ್ರೈ, ಮಿಶೆಲ್ ಗ್ಯಾಟಿಂಗ್. ಮೂವರೂ ಮಹಿಳೆಯರು. ಮಹಿಳೆಯರೇ ಇರುವ ತಂಡವೊಂದು ಈ ಚಾಂಪಿಯನ್‌ಶಿಪ್ಪಿನಲ್ಲಿ ಓಟ ಗೆದ್ದದ್ದು ಅದೇ ಮೊದಲು.

ಇಷ್ಟು ಕಾರುಗಳು ಇಷ್ಟು ಹೊತ್ತು ಓಡಿದರೆ ಎಷ್ಟು ಪೆಟ್ರೋಲ್ ಸುಡುತ್ತದೆ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2022ರಿಂದ ಈ ಓಟಗಳಲ್ಲಿ ನೆಲದಿಂದ ತೆಗೆದ ಪೆಟ್ರೋಲನ್ನು ಬಿಟ್ಟು, ದ್ರಾಕ್ಷಾರಸ ತಯಾರಿಸಿದ ಮೇಲೆ ಉಳಿಯುವ ಚರಟದಿಂದ ಮಾಡಿದ ಇಂಧನವನ್ನು ಬಳಸತೊಡಗಿದರು.

ನಮ್ಮ ದೇಶದವರು ಈ ಓಟಗಳಲ್ಲಿ ಇಲ್ಲವೇ? ಇದ್ದಾರೆ. ಚೆನ್ನೈಯ ಕರುಣ್ ಚಂದೋಕ್ 2012ರಲ್ಲಿ ಲೆ ಮಾನ್ ಓಟದಲ್ಲಿ ಓಡಿಸಿದ ಮೊದಲ ಭಾರತೀಯರಾದರು. ಅವರ ತಂಡ ಆರನೆಯ ಸ್ಥಾನದಲ್ಲಿ ಮುಗಿಸಿತು. 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಎಲ್‌ಎಂಪಿ 2 ಕಾರು ಓಡಿಸಿದರು.

2023ರ ನಂತರ ವರ್ಗಗಳು ಬದಲಾದವು. ಜಿಟಿಇ ಕಾರುಗಳ ಜಾಗಕ್ಕೆ ಎಲ್‌ಎಂಜಿಟಿ 3 ಎಂಬ ಹೊಸ ವರ್ಗ ಬಂತು. 2024ರ ಋತುವಿನಲ್ಲಿ ಉಳಿದ ಊರುಗಳಲ್ಲೆಲ್ಲ ಎರಡೇ ವರ್ಗಗಳು ಓಡಿದವು. ಎಲ್‌ಎಂಪಿ 2 ಕಾರುಗಳನ್ನೂ ಸೇರಿಸಿ ಮೂರು ವರ್ಗಗಳು ಒಟ್ಟಿಗೆ ಓಡಿದ್ದು ಲೆ ಮಾನ್‌ನಲ್ಲಿ ಮಾತ್ರ.